ನೀಲಿ ಎಳಕೊಂಡು ಹೋದ ಮಣಿ

ನಿನ್ನಿ ಕರಿ ದಿನ. ಘೋಣಸಗಿ ನಮ್ಮ ಮನ್ಯಾಗ ನನ್ನ ಮಗಳು ನೀಲವ್ವನ ಮೊಮ್ಮಗನಿಗೆ ಕರಿ ಎರಿಯೂದಿತ್ತು. ಈ ಕಡಿ ಮಂದಿಗೆ ಬಿಡಿಸಿ ಹೇಳೂದು ಬ್ಯಾಡ, ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಸಂಕ್ರಾಂತಿ ಮರುದಿನ ಸಣ್ಣ ಕೂಸುಗಳಿಗೆ ಕರೀ ಅಂಗಿ ತೊಡಿಸಿ, ಮಣಿ ಮ್ಯಾಲ, ಅಂದ್ರ ಕಟಿಗಿ ಹಲಗಿ ಮ್ಯಾಲ ಕುಂಡ್ರಿಸಿ, ನೆತ್ತಿಯಿಂದ ಬಾರಿಹಣ್ಣು, ಕಬ್ಬಿನ ತುಂಡು, ಹಸಿಕಡ್ಲಿ, ಚುರಮರಿ ಎಲ್ಲಾ ಸೇರಿಲೆ ತುಂಬಿ ಸುರವತಾರ. ಕೆಳಗ ಬಿದ್ದದ್ದನ್ನ ಉಳಿದ ಹುಡುಗೂರು ಮುಕುರಿ ಬಿದ್ದು ಆರಿಸಿ ತಿಂತಾವ. ಕೂಸಿಗೆ ದೃಷ್ಟಿ ತಾಗಬಾರ್ದು, ಜಡ್ಡು ಬರಬಾರ್ದು ಅಂತ ಮಾಡೂದು. ಸುರಿಯೂವ್ರು ಮಾತ್ರ ಮುತ್ತೈದೇರ ಆಗಬೇಕು ಅಂತಾರ.

ಅಲ್ಲೇ ನೋಡ್ರಿ ನನಗ ಸಿಟ್ಟು ಬರೂದು.

ಎದುರು ಮನಿ ಸೊಸಿ, ಹೊನವಾಡದಾಕಿ, ತನ್ನ ಎರಡು ವರ್ಷದ ಮಗಳನ್ನ ಬಗಲಾಗ ಎತ್ಕೊಂಡು ಬಂದಿದ್ಲು. ಆ ಹುಡುಗಿ, ನಮ್ಮ ಮರಿಮಗ ಇಬ್ರೂ ಒಂದ ಅಂಗನವಾಡ್ಯಾಗ ಹೋಗ್ತಾವ. ನಾ ಸೇರಿಗೆ ಕೈ ಹಾಕೂದು ನೋಡಿ ಆ ಸೊಸಿ ನನ್ನ ಕಿವ್ಯಾಗ ಮೆಲ್ಲಕ ಅಂದ್ಲು, "ಆಯಿ, ನೀವು ಒಂಚೂರು ಒಳಗ ಕುಂಡ್ರಿ. ಮುತ್ತೈದೇರ ಕೆಲಸ ಐತಿ. ತಪ್ಪು ತಿಳ್ಕೋಬ್ಯಾಡ್ರಿ."

ತಿಳ್ಕೊಂಡೆ. ಯಾಕ ತಿಳ್ಕೋಬಾರ್ದು? ಆದ್ರ ಕೂಸಿನ ಹಬ್ಬ, ಬಾಯಿ ಬಿಟ್ರ ಊರೆಲ್ಲಾ ಕೂಡ್ತೈತಿ ಅಂತ ಸುಮ್ಮನ ಹಿತ್ತಲಕ್ಕ ಹೋದೆ. ಅಲ್ಲಿ ಎಮ್ಮಿಗೆ ಹತ್ತಿಕಾಳು ನೆನಿ ಹಾಕಿದ್ರು. ನೆನೆದ ಹತ್ತಿಕಾಳಿನ ವಾಸನಿ ಗೊತ್ತಲ್ಲ, ಎಣ್ಣಿ ವಾಸನಿ ಅರ್ಧ, ಮಣ್ಣಿನ ವಾಸನಿ ಅರ್ಧ. ಅದು ಮೂಗಿಗೆ ಬಡದಿದ್ದ ತಡ, ನಾ ಘೋಣಸಗ್ಯಾಗ ಇರ್ಲಿಲ್ಲ. ವಿಜಾಪುರದ ಹತ್ತಿ ಗಿರಣ್ಯಾಗಿನ ಕೂಸಿನ ಖೋಲಿ ಬಾಗಿಲದಾಗ ನಿಂತಿದ್ದೆ. ವಯಸ್ಸು ಇಪ್ಪತ್ತರ ಆಚೀಚೆ, ಹಣಿ ತುಂಬ ಕುಂಕುಮ, ಬಗಲಾಗ ನೀಲಿ, ಅಂದ್ರ ಇದ ನೀಲವ್ವ, ಎರಡು ವರ್ಷದ ಕೂಸು.

ಆಗ ದೊಡ್ಡ ಯುದ್ಧ ನಡದಿತ್ತು. ನನ್ನ ಗಂಡ ದಂಡಿಗೆ ಸೇರಿ ಸಮುದ್ರ ದಾಟಿ ಹೋಗಿದ್ದ. ಹೋಗುವಾಗ ನೀಲಿ ಇನ್ನೂ ಅಂಬೆಗಾಲು ಇಡ್ತಿದ್ಲು. ಎರಡು ಸಲ ಸುದ್ದಿ ಬಂದಿತ್ತು, ಆಮ್ಯಾಲ ಬಂದಿರ್ಲಿಲ್ಲ. ನಮ್ಮತ್ತಿ, "ಮನ್ಯಾಗ ಕುಂಡ್ರು, ದೇವ್ರಿಗೆ ದೀಪ ಹಚ್ಚು, ಅಂವ ಬರ್ತಾನ" ಅಂದ್ಲು. ಕುಂತು ಕಾಯೂ ಜಾತಿ ಅಲ್ಲ ನಂದು. ಹೊಲ ನೋಡ್ಕೊಳ್ಳಾಕ ಅತ್ತಿ ಒಬ್ಬಾಕಿನ ಸಾಕಿತ್ತು, ಎಮ್ಮಿ ಒಂದಿತ್ತು, ಅದನ್ನೂ ಅಕಿನ ನೋಡ್ಕೋತಿದ್ಲು. ದೀಪಾವಳಿ ದಾಟಿ ಗಿರಣಿ ಭೋಂಗಾ, ಅಂದ್ರ ಸೈರನ್, ಕೂಗಿ ಕೆಲಸ ಸುರು ಆದ ಮ್ಯಾಲ ನಾ ಟಿಕೋಟಾಕ್ಕ ಹೋಗೂ ಚಕ್ಕಡಿ ಹತ್ತಿದೆ, ಅಲ್ಲಿಂದ ಇನ್ನೊಂದು ಚಕ್ಕಡಿ. ಅತ್ತಿ ಎರಡು ದಿನ ಮಾತಾಡ್ಸಿರ್ಲಿಲ್ಲ. ಹೊಂಡೂ ಹೊತ್ತಿಗೆ ಮಾತ್ರ ನೀಲಿ ಕೈಯಾಗ ಒಂದು ತುಂಡು ಬೆಲ್ಲ ಕೊಟ್ಟು ಒಳಗ ಹೋದ್ಲು.

ಗಿರಣಿ ಸ್ಟೇಶನ್ ಕಡಿ ಇತ್ತು. ಅದರ ಬೆನ್ನಿಗೆ ಒಂದು ಖೋಲಿ ಹಿಡದೆ. ನನ್ನ ಕೆಲಸ ಯಂತ್ರದ ಬಾಯಿಗೆ ಹತ್ತಿ ಹಾಕೂದು. ಅರಳಿ ಒಂದು ಕಡಿ ಬೀಳೂದು, ಕಾಳು ಇನ್ನೊಂದು ಕಡಿ. ಹೊತ್ತು ಮುಣಗೂದ್ರಾಗ ಹುಬ್ಬು, ರೆಪ್ಪಿ, ಕೂದಲು ಎಲ್ಲಾ ಬೆಳ್ಳಗಾಗಿ ನಾವೆಲ್ಲಾ ಮುದುಕೇರು ಆಗಿ ಹೊರಗ ಬರ್ತಿದ್ವಿ. ಆ ಗದ್ದಲದಾಗ ಒಬ್ಬರ ಮಾತು ಒಬ್ಬರಿಗೆ ಕೇಳ್ತಿರ್ಲಿಲ್ಲ, ಅದಕ್ಕ ಆ ಗಿರಣಿ ಹೆಂಗಸರಿಗೆಲ್ಲಾ ಗಂಟಲು ದೊಡ್ಡದು. ನನ್ನ ಗಂಟಲು ಅಲ್ಲೇ ತಯಾರಾಗಿದ್ದು.

ಹೆಂಗಸರು ದುಡಿಯೂ ಗಿರಣ್ಯಾಗ ಕೂಸುಗಳಿಗೆ ಜಾಗ ಮಾಡಬೇಕಂತ ಯಾರೋ ದೊಡ್ಡವ್ರು ಹೇಳಿದ್ರಂತ. ಅದಕ್ಕ ಅಂಗಳದ ತುದ್ಯಾಗ ತಗಡು ಹೊದಿಸಿದ ಒಂದು ಉದ್ದ ಖೋಲಿ ಬಿಟ್ಟಿದ್ರು. ಅದಕ್ಕ ಕೂಸಿನ ಖೋಲಿ ಅಂತಿದ್ವಿ. ನೋಡ್ಕೊಳ್ಳಾಕ ತಂಗೆವ್ವ ಆಯಿ ಅಂತ ಒಬ್ಬಾಕಿ ವಯಸ್ಸಾದಾಕಿ. ಒಳ್ಳೇಕಿ, ಆದ್ರ ಅಂಜಬುರಕಿ. ಯಾರು ಜೋರ ಮಾಡಿದ್ರೂ ಅವ್ರದ ಖರೆ ಅನ್ನೂವಾಕಿ. ಸಣ್ಣ ಕೂಸುಗಳು ಸೀರಿ ಜೋಳಗ್ಯಾಗ, ನಡ್ಯೂ ಕೂಸುಗಳು ಚೀಲ ಹಾಸಿದ ನೆಲದ ಮ್ಯಾಲ. ನೀಲಿ ನಡ್ಯೂ ಸಾಲಿನಾಕಿ. ನಡ್ಯೂ ಸಾಲು ಅಂದೆ, ಅಕಿ ನಡೀತಿರ್ಲಿಲ್ಲ, ಓಡ್ತಿದ್ಲು.

ಮೊದಲ ವಾರ ಅಕಿ ಒಂದ ಸಮನ ಅತ್ಲು. ನಾ ಯಂತ್ರದ ಮುಂದ ನಿಂತ್ರೂ ಆ ಅಳು ಕಿವ್ಯಾಗ ಇರ್ತಿತ್ತು. ಆಮ್ಯಾಲ ಒಂದು ಮುಂಜಾನಿ ಬಬಲೇಶ್ವರದ ಚಂದ್ರವ್ವ ಅನ್ನೂವಾಕಿ ತನ್ನ ಮಗ ಶಿವ್ಯಾನ್ನ ತಂದು ಬಿಟ್ಲು. ಅಂದಿನಿಂದ ನೀಲಿ ಅಳೂದು ಬಂದ್.

ಶಿವ್ಯಾ ನೀಲಿಗಿಂತ ಒಂಚೂರು ಸಣ್ಣಂವ. ಮಾತು ಬಂದಿರ್ಲಿಲ್ಲ. ಅವ್ವನ ಹಳೇ ಸೀರಿದು ಒಂದು ತುಂಡು ಯಾವಾಗ್ಲೂ ಮುಠಿಗ್ಯಾಗ ಹಿಡದು ಅದರ ಅಂಚು ಚೀಪ್ತಿದ್ದ. ಯಾರರ ದೂಡಿದ್ರ ದೂಡಿಸ್ಕೊಂಡು ಬಿದ್ದು, ಬಿದ್ದಲ್ಲೇ ಕುಂಡ್ರೂವಂವ. ಅಂಥಾ ಸಪ್ಪನ ಹುಡುಗನ್ಯಾಗ ನನ್ನ ಮಗಳು ಏನು ಕಂಡ್ಲೋ ಅಕಿಗೇ ಗೊತ್ತು. ಮುಂಜಾನಿ ನಾ ಕೊಟ್ಟ ರೊಟ್ಟಿ ಅರ್ಧ ತಿಂದು, ಉಳಿದ ಅರ್ಧ ಮುಠಿಗಿ ಕಟ್ಟಿ ಬಾಗಿಲಿಗೆ ನಿಂದ್ರತಿದ್ಲು. ಬೆವತು ಮೆತ್ತಗಾದ ಆ ರೊಟ್ಟಿ ಶಿವ್ಯಾ ಬಂದ ಕೂಡ್ಲೇ ಅವನ ಬಾಯಾಗ ತುರಕೂದು. "ಚಿವ್ವಾ, ತಿನ್ನು." ಅಂವಗ ಮೂಗು ಸುರದ್ರ ತನ್ನ ಲಂಗದ ತುದೀಲೆ ಒರಸೂದು. ನಮ್ಮ ಕೂಡ ದುಡಿಯೂ ಕಸ್ತೂರೆವ್ವನ ಮಗ ಮಲ್ಯಾ ಒಂದಿನ ಶಿವ್ಯಾನ್ನ ದೂಡಿದ್ದಕ್ಕ ನೀಲಿ ಅವನ ಕಿವಿ ಕಚ್ಚಿದ್ಲು, ಹಲ್ಲು ಮೂಡಿ ಹೋಗಿತ್ತು. ಸಂಜಿಗೆ ಭೋಂಗಾ ಆದ ಮ್ಯಾಲೂ ಚಂದ್ರವ್ವ ಬಂದು ಶಿವ್ಯಾನ್ನ ಎತ್ಕೊಳ್ಳೂತನಕ ನನ್ನ ಮಗಳು ನನ್ನ ಕೈಗೆ ಬರ್ತಿರ್ಲಿಲ್ಲ. ಮನಿಗೆ ಬಂದ್ರೂ ಅದ. ನಾಯಿಗೂ ಚಿವ್ವಾ, ಆಕಾಶದ ಚಂದ್ರಗೂ ಚಿವ್ವಾ.

ನನಗ ನಗಿ ಬರ್ತಿತ್ತು, ಸ್ವಲ್ಪ ಹೊಟ್ಟಿ ಕಿಚ್ಚೂ ಬರ್ತಿತ್ತು. ಅಪ್ಪನ ಹೆಸರು ಕಲಸಾಕ ನಾ ತಿಂಗಳಾನುಗಟ್ಟಲೆ ಒದ್ದಾಡಿದ್ದೆ, ಅದು ಬರ್ಲಿಲ್ಲ. ಇದು ಬಂತು.

ಚಂದ್ರವ್ವನ ಹಣಿ ಬೋಳಿತ್ತು. ಶಿವ್ಯಾ ಹೊಟ್ಟ್ಯಾಗಿದ್ದಾಗ ಅಕಿ ಗಂಡ ಜ್ವರ ಬಂದು ಹೋಗಿಬಿಟ್ಟಿದ್ದ. ಅಷ್ಟ ಸಾಕಿತ್ತು ಮಂದಿಗೆ. "ಹುಟ್ಟೂಕಿಂತ ಮೊದಲ ಅಪ್ಪನ್ನ ನುಂಗ್ಯಾನ" ಅಂತಿದ್ರು. ಆ ಮೂಗು ಒರಸ್ಕೊಳ್ಳಾಕ ಬರಲಾರದ ಕೂಸು ಯಾರನ್ನ ನುಂಗ್ತದ, ಹೇಳ್ರಿ? ಬಬಲೇಶ್ವರದ ಮನ್ಯಾಗ ಅವನ್ನ ಮುಟ್ಟೂವ್ರಿಲ್ಲ ಅಂತ ಅಕಿ ಊರು ಬಿಟ್ಟು ಬಂದಿದ್ಲು. ಕೂಸಿನ ಖೋಲಿ ಒಂದ ಅಕಿಗೆ ಆಧಾರ. ಅಲ್ಲಿ ಅವನಿಗೆ ಜಾಗ ಇದ್ರ ಅಕಿಗೆ ಕೆಲಸ, ಇಲ್ಲಂದ್ರ ಇಲ್ಲ.

ಚಳಿ ಜೋರಾತು. ಆ ವರ್ಷ ಪುಷ್ಯದಾಗ ಗಾಳಿ ಹೆಂಗಿತ್ತಂದ್ರ, ಗುಮ್ಮಟದ ಕಡಿಯಿಂದ ಬೀಸಿ ನಮ್ಮ ತಗಡಿನ ಮಾಡು ಹಗಲೆಲ್ಲಾ ಬಡೀತಿತ್ತು. ಕಸ್ತೂರೆವ್ವನ ಮಲ್ಯಾಗ ಕೆಮ್ಮು ಜ್ವರ ಬಂತು. ಟಿಕೋಟಾದ ಕಸ್ತೂರೆವ್ವ ಅಂದ್ರ ನಮಗೆಲ್ಲಾ ಹಿರ್ಯಾಕಿ. ಅಕಿ ಗಂಡ ಅದ ಗಿರಣ್ಯಾಗ ಅರಳಿ ಗಂಟು ಕಟ್ತಿದ್ದ. ಕೆಟ್ಟಾಕಿ ಅಲ್ಲ, ನನಗ ಖೋಲಿ ಹುಡುಕಿ ಕೊಟ್ಟಾಕಿನೂ ಅಕಿನ. ಆದ್ರ ಮಗನ ಮೈ ಸುಡೂದು ನೋಡಿದಾಗ ಅಕಿಗೆ ಶಿವ್ಯಾ ನೆನಪಾದ.

"ಆ ಅಪ್ಪನ್ನ ತಿಂದ ಕೂಸಿನ ಮಗ್ಗಲದಾಗ ಮಲಗಿದ್ದ ನನ್ನ ಮಗ. ಮರುದಿನ ಜ್ವರ. ಇನ್ನೂ ಯಾರಿಗೆ ಏನು ಹೇಳಬೇಕ್ರೇ?"

ಹೆಂಗಸರೆಲ್ಲಾ ಕೂಡಿ ಮುಕಾದಮನ ಕಡಿ, ಅಂದ್ರ ನಮ್ಮ ಮ್ಯಾಲಿನ ಮೇಸ್ತ್ರಿ ಕಡಿ ಹೋದ್ರು. ಅಂವಗ ಹತ್ತಿ ಹಾಕೂ ಕೈ ನಿಂದ್ರಬಾರ್ದು, ಅಷ್ಟ. "ಕರಿ ಹಬ್ಬ ಆಗ್ಲಿ. ಆಮ್ಯಾಲ ಆ ಹುಡುಗನ್ನ ತಗಸ್ತೀನಿ. ಅಲ್ಲೀತನಕ ಮೂಲ್ಯಾಗ ಹಾಕ್ರಿ" ಅಂದ. ತಂಗೆವ್ವ ಆಯಿ ಶಿವ್ಯಾನ ಚೀಲ ಒಯ್ದು ಬಾಗಿಲ ಹಿಂದಿನ ಮೂಲ್ಯಾಗ ಹಾಸಿದ್ಲು.

ನೀಲಿ ಎದ್ದು ಮೂಲಿಗೆ ಹೋದ್ಲು. ಆಯಿ ಎತ್ಕೊಂಡು ಬಂದ್ಲು. ನೀಲಿ ಮತ್ತ ಹೋದ್ಲು. ಆಯಿ ಕಣ್ಣು ಬಿಟ್ಟು ಹೆದರಿಸಿದ್ಲು, ಹೂಬತ್ತಿ ಹಚ್ಚಿ ಸುಡ್ತೀನಿ ಅಂದ್ಲು, ಗುಮ್ಮ ಬರ್ತದ ಅಂದ್ಲು. ನೀಲಿ ಹೂಂ ಅಂತ ಕೇಳಿಸ್ಕೊಂಡು ಮತ್ತ ಹೋದ್ಲು. ಕಡೀಕೆ ಅಕಿ ಕಾಲಿಗೆ ಒಂದು ಅರಿವಿ ಕಟ್ಟಿ ಕಂಬಕ್ಕ ಕಟ್ಟಿದ್ರು. ನಾ ಮಧ್ಯಾಹ್ನ ಹಾಲು ಕುಡಸಾಕ ಹೋದಾಗ ನನ್ನ ಮಗಳು ಅರಿವಿ ಎಷ್ಟು ಉದ್ದ ಬರ್ತದೋ ಅಷ್ಟು ಎಳಕೊಂಡು, ಹೊಟ್ಟಿ ಮ್ಯಾಲ ಮಲಗಿ, ಕೈ ಚಾಚಿ, ಅರ್ಧ ರೊಟ್ಟಿನ ಮೂಲಿ ಕಡಿ ದೂಡಾಕತ್ತಿದ್ಲು.

ಅರಿವಿ ಬಿಚ್ಚಿ ಒಗದೆ. "ಆಯಿ, ಇನ್ನೊಮ್ಮೆ ನನ್ನ ಮಗಳನ್ನ ಕಟ್ಟಿದ್ರ ನಿನ್ನ ಕಟ್ಟತೀನಿ" ಅಂದೆ.

ಆಯಿ ಕಣ್ಣೀರು ತಂದ್ಲು. "ನಾ ಏನು ಮಾಡ್ಲಿ ಬೇ ಶಾಂತವ್ವ? ಎಲ್ಲಾರೂ ನನ್ನ ಮ್ಯಾಲ ಬರ್ತಾರ."

ಸಂಜಿಗೆ ಕಸ್ತೂರೆವ್ವ ನನ್ನ ಕೈ ಹಿಡದು ನಿಂದ್ರಿಸಿದ್ಲು. "ನಿನಗ ತಿಳೀತದೋ ಇಲ್ಲೋ? ಗಂಡ ದಂಡಿನ್ಯಾಗ ಅದಾನ. ಮಗಳನ್ನ ಅಂಥಾ ಕೂಸಿನ ಕೂಡ ಬಿಡ್ತೀಯಲ್ಲ, ಎದಿ ಐತೇನು ನಿಂದು?"

ಅಂಜಿಕಿ ಬರ್ಲಿಲ್ಲ ಅಂದ್ರ ಸುಳ್ಳಾಗ್ತದ. ಬಂತು. ದಿನಾ ಮುಂಜಾನಿ ಕುಂಕುಮ ಹಚ್ಕೊಂಡು ಎರಡೆರಡು ಸಲ ಕನ್ನಡಿ ನೋಡೂವಂಥಾ ಅಂಜಿಕಿ. ಸುದ್ದಿ ಇಲ್ಲ, ಏನಿಲ್ಲ, ಯಾವ ದೇಶದಾಗ ಯಾವ ಕಾಡಿನ್ಯಾಗ ಅದಾನೋ. ಒಂದು ದಿನ ನೀಲಿನ್ನ ಮನ್ಯಾಗ ಕುಂಡ್ರಿಸಿ, "ಚಿವ್ವ ಬ್ಯಾಡ, ಚಿವ್ವ ಛೀ" ಅಂತ ಹೇಳಿ ನೋಡಿದೆ. ಅಕಿ ನನ್ನ ಮುಖಾನ ನೋಡಿದ್ಲು. ಆಮ್ಯಾಲ ನನ್ನ ಬಾಯಿ ಮ್ಯಾಲ ತನ್ನ ಅಂಗೈ ಇಟ್ಟು ಒತ್ತಿ ಹಿಡದ್ಲು. ಮುಚ್ಚು ಅಂತ. ಆ ಹೊಲಸು ಅಂಗೈಗೆ ಬೆಲ್ಲದ ರುಚಿ ಇತ್ತು. ಮುಚ್ಚಿದೆ.

ಕರಿ ದಿನ ಬಂತು. ಅವತ್ತು ಮಧ್ಯಾಹ್ನದಿಂದ ಗಿರಣಿ ಬಂದ್. ಊರು ಬಿಟ್ಟು ಬಂದ ನಮಗೆ ಮನಿ ಇಲ್ಲ, ಅಂಗಳ ಇಲ್ಲ, ಅದಕ್ಕ ಎಲ್ಲಾರೂ ಕೂಸಿನ ಖೋಲ್ಯಾಗ ಕೂಡಿ ಕರಿ ಎರಿಯೂದಂತ ಮಾತಾಗಿತ್ತು. ಒಬ್ಬಾಕಿ ಬಾರಿಹಣ್ಣು ತಂದ್ಲು, ಒಬ್ಬಾಕಿ ಕಬ್ಬು, ಕಸ್ತೂರೆವ್ವ ಟಿಕೋಟಾದಿಂದ ಹಸಿಕಡ್ಲಿ ತರಿಸಿದ್ಲು. ನಾ ಚುರಮರಿ. ಮಣಿ ಒಂದ, ತಂಗೆವ್ವ ಆಯಿದು, ತೇಗಿನ ಕಟಿಗಿದು, ದಪ್ಪ. ಕೂಸುಗಳಿಗೆ ಕರೀ ಅರಿವಿ. ಅರಿವಿ ಇಲ್ಲದವ್ರು ಕೂಸಿನ ಹೊಟ್ಟಿಗೆ ಒಂದು ಕರಿ ಚಿಂದಿ ಸುತ್ತಿದ್ರು.

ಮೊದಲು ಮಲ್ಯಾನ್ನ ಕುಂಡ್ರಿಸಿದ್ರು, ಜ್ವರ ಬಿಟ್ಟು ಗಟ್ಟಿಮುಟ್ಟಾಗಿದ್ದ. ಕಸ್ತೂರೆವ್ವ ಸೇರು ನನ್ನ ಕೈಗೆ ಕೊಟ್ಟು ಏನಂದ್ಲು ಗೊತ್ತೇನ್ರಿ? "ಬಾರವ್ವ ಶಾಂತವ್ವ, ಮೊದಲ ಸೇರು ನಿಂದ. ಗುಂಡು ಬೀಳೂವಲ್ಲಿ ಗಂಡನ್ನ ದೇವ್ರು ಕಾಯಾಕತ್ತಾನ ಅಂದ್ರ ನಿನ್ನ ಕುಂಕುಮ ಎಲ್ಲಾರ ಕುಂಕುಮಕ್ಕಿಂತ ಗಟ್ಟಿ." ನಾ ಸುರವಿದೆ. ಆಮ್ಯಾಲ ಉಳಿದವ್ರು. ಹಂಗ ಒಂದೊಂದ ಕೂಸಿಗೆ ಸುರಿಯೂದಾತು, ಪ್ರತಿಯೊಂದಕ್ಕೂ ಮೊದಲ ಸೇರು ನಂದ. ನೆನಪಿಟ್ಕೋರಿ ಈ ಮಾತು.

ಚಂದ್ರವ್ವ ಒಳಗ ಬಂದಿರ್ಲಿಲ್ಲ. ಬಾಗಿಲ ಹೊರಗ, ಬಿಸಲಾಗ, ಗ್ವಾಡಿಗೆ ಒರಗಿ ನಿಂತಿದ್ಲು. ನಾಳೆ ಅಕಿ ಗಂಟು ಮೂಟಿ ಕಟ್ಕೊಂಡು ಗಿರಣಿ ಬಿಡಬೇಕು. ಶಿವ್ಯಾ ಮೂಲಿ ಚೀಲದ ಮ್ಯಾಲ ತನ್ನ ಸೀರಿ ತುಂಡು ಚೀಪ್ಕೋತ ಕುಂತಿದ್ದ. ಎಲ್ಲಾ ಕೂಸುಗಳು ಹಣ್ಣು ಆರಸಾಕ ಮುಕುರಿದ್ವು, ಇದೊಂದು ಕೂಸು ನೋಡ್ಕೋತ ಇತ್ತು.

ಕಡೀಕೆ ನೀಲಿ ಪಾಳಿ. ಮಣಿ ಮ್ಯಾಲ ಕುಂಡ್ರಿಸಿದೆ. ಕುಂತ್ಲು. ಸುತ್ತ ನೋಡಿದ್ಲು. ಎದ್ಲು. ಎಲ್ಲಾರೂ "ಕೂಡವಾ, ಕೂಡು" ಅಂದ್ರು. ಅಕಿ ಬಗ್ಗಿ ಮಣಿ ಅಂಚು ಎರಡೂ ಕೈಲೆ ಹಿಡದು, ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಕೋತ ಎಳಿಯಾಕ ಹತ್ತಿದ್ಲು. ಆ ಭಾರದ ಮಣಿ ಕಲ್ಲಿನ ನೆಲಕ್ಕ ಕರಾ ಕರಾ ಅಂತ ಒದರಾಕತ್ತು. ಎರಡು ಸಲ ಕುಂಡಿ ಮ್ಯಾಲ ಬಿದ್ಲು, ಎದ್ಲು, ಮತ್ತ ಎಳದ್ಲು. ಹೆಂಗಸರೆಲ್ಲಾ ಮೊದಲು ನಕ್ರು. ಮಣಿ ಯಾವ ಕಡಿ ಹೊಂಟೈತಿ ಅಂತ ತಿಳದ ಮ್ಯಾಲ ನಗಿ ನಿಂತು ಹೋತು.

ಮೂಲಿ ಮುಟ್ಟಿತು ಮಣಿ. ನೀಲಿ ಅದರ ಅರ್ಧದ ಮ್ಯಾಲ ಕುಂತ್ಲು. ಉಳಿದ ಅರ್ಧಕ್ಕ ಅಂಗೈಲೆ ಬಡದ್ಲು. "ಚಿವ್ವಾ, ಕೂಡು."

ಶಿವ್ಯಾ ಬಂದು ಕುಂತ. ಅಂವ ಎಂದೂ ಯಾರ ಮಾತಿಗೂ ಇಲ್ಲ ಅಂದಾಂವ ಅಲ್ಲ.

ಹೊರಗಿಂದ ಚಂದ್ರವ್ವ ಓಡಿ ಬಂದ್ಲು, ಮುಖ ಬಿಳಚಿತ್ತು. "ತಪ್ಪಾತ್ರೀ ಯವ್ವಾ, ನಾ ಎತ್ಕೋತೀನಿ, ಎತ್ಕೋತೀನಿ" ಅಂತ ಮಗನ ರಟ್ಟಿಗೆ ಕೈ ಹಾಕಿದ್ಲು.

"ಮುಟ್ಟಿದ್ರ ನೋಡು ಚಂದ್ರವ್ವ" ಅಂದೆ. ನನ್ನ ಗಂಟಲು ನನಗ ಗುರ್ತು ಸಿಗಲಿಲ್ಲ. "ಕುಂತಾವ, ಕುಂಡ್ರಲಿ."

ಹಣ್ಣಿನ ಬುಟ್ಟಿ ಹಿಡದು ಹೋದೆ. ಸೇರಲ್ಲ, ಬುಟ್ಟಿನ ಎತ್ತಿ ಇಬ್ರ ನೆತ್ತಿ ಮ್ಯಾಲೂ ಬೋರಲ ಹಾಕಿದೆ. ಬಾರಿಹಣ್ಣು, ಕಬ್ಬು, ಕಡ್ಲಿ ಎಲ್ಲಾ ದಬದಬ ಸುರೀತು. ಶಿವ್ಯಾ ಗಾಬರಿಯಾಗಿ ಕಣ್ಣು ಮುಚ್ಚಿದ. ಆಮ್ಯಾಲ ಒಂದು ಕಣ್ಣು ತಗದ. ಆಮ್ಯಾಲ ನಕ್ಕ ನೋಡ್ರಿ, ಹಲ್ಲೆಲ್ಲಾ ಕಾಣೂವಂಗ. ಆ ಹುಡುಗ ನಕ್ಕದ್ದನ್ನ ಅಲ್ಲೀತನಕ ಯಾರೂ ಕಂಡಿರ್ಲಿಲ್ಲ, ಅವನ ಅವ್ವ ಕಂಡಿದ್ಲೋ ಇಲ್ಲೋ.

ಆರತಿ ತಟ್ಟಿ ತಗೊಂಡು ಚಂದ್ರವ್ವನ ಕೈಯಾಗ ಇಟ್ಟೆ. "ಬೆಳಗು. ನಿನ್ನ ಮಗನಿಗೂ ಬೆಳಗು, ನನ್ನ ಮಗಳಿಗೂ ಬೆಳಗು."

ಕಸ್ತೂರೆವ್ವ ಚೀರಿದ್ಲು. "ಏ ಹುಚ್ಚಿ! ನಿನ್ನ ಗಂಡನ ನೆನಪೈತೇನು ನಿನಗ?"

"ದಿನಾ ಐತಿ" ಅಂದೆ. "ಅಂವ ಉಳದ್ರ ಅವನ ಆಯುಷ್ಯ ಗಟ್ಟಿ, ಅಷ್ಟ. ಈಕಿ ಬೋಳ ಹಣಿ ಸಮುದ್ರ ದಾಟಿ ಹೋಗಿ ಅವನ್ನ ಹೊಡಿಯೂದಿಲ್ಲ. ಬೆಳಗು ಬೇ ಚಂದ್ರವ್ವ."

ಚಂದ್ರವ್ವ ಬೆಳಗಿದ್ಲು. ಎಣ್ಣಿ ಕೈ ಮ್ಯಾಲ ಚೆಲ್ಲಿತು, ಆದ್ರೂ ಬೆಳಗಿದ್ಲು.

ಅಷ್ಟರಾಗ ನಾವ್ಯಾರೂ ನೋಡಲಾರದ್ದು ಒಂದು ಆಗಿ ಹೋಗಿತ್ತು. ಕೂಸುಗಳಿಗೆ ಹಣ್ಣು ಗೊತ್ತು, ಯಾರ ನೆತ್ತಿಯಿಂದ ಬಿದ್ದದ್ದಂತ ಏನು ಗೊತ್ತು? ಎಲ್ಲಾ ಓಡಿ ಬಂದು ಶಿವ್ಯಾನ ಕಾಲಾಗ, ತೊಡಿ ಮ್ಯಾಲ, ಕೊಳ್ಳಾಗ ಸಿಕ್ಕಿದ್ದನ್ನೆಲ್ಲಾ ಆರಿಸಿ ಬಾಯಾಗ ಹಾಕ್ಕೊಂಡಿದ್ವು. ಮಲ್ಯಾನ ಎರಡೂ ಗಲ್ಲ ಉಬ್ಬಿದ್ವು. ಕಸ್ತೂರೆವ್ವ ಅವನ ಬಾಯಾಗ ಬೆರಳು ಹಾಕಿ ತಗಿಯಾಕ ಹೋದ್ಲು, ಅಂವ ಕಚ್ಚಿದ. ನಮ್ಮ ನೀಲಿ ಕಲಿಸಿದ್ದ ವಿದ್ಯಾ.

ಆಗ ನನಗ ಮಾತು ಬಂತು. "ತಗೀರಿ, ಎಲ್ಲಾರೂ ತಗೀರಿ! ಅಪ್ಪನ್ನ ತಿಂದ ಕೂಸಿನ ನೆತ್ತಿ ಮ್ಯಾಲಿನ ಹಣ್ಣು ನಿಮ್ಮೆಲ್ಲಾ ಕೂಸಿನ ಹೊಟ್ಟ್ಯಾಗ ಇಳದೈತಿ. ನಾಳೆ ಮುಕಾದಮನ ಕಡಿ ಹೋಗಿ ಹೇಳ್ರಿ, ಶಿವ್ಯಾನ್ನ ತಗಸ್ರಿ, ಅವನ ಹಿಂದ ನಮ್ಮ ಕೂಸುಗಳನ್ನೂ ತಗಸ್ರಿ ಅಂತ. ಖೋಲಿ ಖಾಲಿ ಆಗ್ತದ, ತಂಗೆವ್ವ ಆಯಿ ಆರಾಮ ಮಲಗಲಿ."

ಮೊದಲು ನಕ್ಕಾಕಿ ತಂಗೆವ್ವ ಆಯಿ, ಆ ಅಂಜಬುರಕಿ. ಸೆರಗು ಬಾಯಿಗೆ ಒತ್ಕೊಂಡು ನಕ್ಕೋತ, ಹೋಗಿ ಮೂಲಿ ಚೀಲ ಎತ್ತಿ, ಹೊರಗ ಝಾಡಿಸಿ, ತಂದು ನಡುವ ಹಾಸಿದ್ಲು.

ಮರುದಿನ ಮುಕಾದಮ, "ಎಲ್ಲೈತಿ ಆ ಹುಡುಗ? ತಗೀರಿ ಅಂದಿದ್ರಲ್ಲ?" ಅಂತ ಬಂದ. ಕಸ್ತೂರೆವ್ವನ, "ಇರ್ಲಿ ಬಿಡ್ರಿ, ನಮ್ಮದು ನಾವು ಮಾಡ್ಕೋತೀವಿ" ಅಂದ್ಲು. ಅಂವಗ ಹತ್ತಿ ಬೇಕಿತ್ತು, ಹೋದ.

ಶಿವರಾತ್ರಿ ಆತು, ಹೋಳಿ ಆತು. ಬಿಸಲಿಗೆ ತಗಡು ಕಾದು ಖೋಲಿ ಬ್ರೆಡ್ಡಿನ ಭಟ್ಟಿ ಆತು. ನೀಲಿ ಶಿವ್ಯಾ ಇಬ್ರೂ ನೀರಿನ ಗಡಗಿ ಮಗ್ಗಲಾ ತಣ್ಣನ ನೆಲಕ್ಕ ಹೊಟ್ಟಿ ಹಚ್ಚಿ ಮಲಗ್ತಿದ್ವು. ಸೀರಿ ತುಂಡಿನ ಒಂದು ಅಂಚು ಅವನ ಬಾಯಾಗ, ಇನ್ನೊಂದು ಅಂಚು ಅಕಿ ಬಾಯಾಗ. ಶಿವ್ಯಾನ ಬಾಯಿಂದ ಮೊದಲ ಮಾತು ಬಂತು. ಅವ್ವ ಅಲ್ಲ, "ನೀಯಿ." ಚಂದ್ರವ್ವ ಓಡಿ ಬಂದು ಯಂತ್ರದ ಗದ್ದಲದಾಗ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ್ಲು. ಕಣ್ಣೀರು ಹತ್ತಿ ಧೂಳಿಗೆ ಅಂಟಿ ಗಲ್ಲದ ಮ್ಯಾಲ ಬಿಳಿ ಗೆರಿ ಆಗಿತ್ತು.

ಯುಗಾದಿ ಹತ್ರ ಬಂದಾಗ ನಮ್ಮತ್ತಿ ಘೋಣಸಗಿಯಿಂದ ಚಕ್ಕಡಿ ಕಟ್ಟಿಸ್ಕೊಂಡು ಬಂದ್ಲು. ಕೂಡ ಊರ ಹಿರ್ಯಾರೊಬ್ರು. ಅಕಿ ಇಳಿಯೂದು ನೋಡಿದ ಕೂಡ್ಲೇ ತಿಳೀತು. ಬರ್ಮಾದ ಕಡಿ ಎಲ್ಲೋ ಕಾಡಿನ್ಯಾಗ ಆಗಿತ್ತಂತ. ಸರಕಾರದಿಂದ ಸುದ್ದಿ ಮುಟ್ಟಾಕ ಇಷ್ಟು ದಿನ ಹಿಡದಿತ್ತು.

ನಾ ಕುಂತಲ್ಲೇ ಕುಂತಿದ್ದೆ. ಅತ್ತಿ ಅತ್ಲು, ಎದಿ ಬಡಕೊಂಡ್ಲು, ಆಮ್ಯಾಲ ನನ್ನ ಕಡಿ ತಿರುಗಿದ್ಲು. ಟಿಕೋಟಾದ ಮಂದಿ ಬಾಯಿಂದ ಅಕಿಗೆ ಎಲ್ಲಾ ಮುಟ್ಟಿತ್ತು. "ಗಂಡ ಸತ್ತಾಕಿ ಕೈಲೆ ಆರತಿ ಮಾಡಿಸಿದೆಲ್ಲ! ನನ್ನ ಮಗನ್ನ ನೀನ ಕಳಕೊಂಡಿ!"

ಮಗ ಸತ್ತ ತಾಯಿ. ಅಕಿಗೆ ಏನಂತ ಹೇಳ್ಲಿ? ಆದ್ರ ನನ್ನ ಬಾಯಿ ಕೇಳಿತು. "ಯಾವಾಗ ಆಗಿದ್ದಂತ ಅತ್ತಿ?"

ಹಿರ್ಯಾರು ಹೇಳಿದ್ರು, "ದೀಪಾವಳಿ ಮುಂಚೆ ತಂಗಿ."

ದೀಪಾವಳಿ ಮುಂಚೆ. ನಾ ಗಿರಣಿಗೆ ಬರೂಕಿಂತ ಮೊದಲ. ನೀಲಿ ಶಿವ್ಯಾನ್ನ ಕಾಣೂಕಿಂತ ಮೊದಲ. ಆ ಚಳಿಗಾಲ ಪೂರ್ತಿ ದಿನಾ ಮುಂಜಾನಿ ಎರಡೆರಡು ಸಲ ಕನ್ನಡಿ ನೋಡಿ ಹಚ್ಕೊಂಡ ಕುಂಕುಮ, ಅದು ಯಾರಿಗೆ ಹಚ್ಕೊಂಡಿದ್ದೆ ನಾ? ಅತ್ತಿನೂ ಲೆಕ್ಕ ಹಾಕಿದ್ಲು ಕಾಣಸ್ತದ. ಬಾಯಿ ಮುಚ್ಚಿದ್ಲು. ಆಮ್ಯಾಲ ನನ್ನ ಮಗ್ಗಲಾ ಬಂದು ಕುಂತು, ನನ್ನ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡ್ಲು. ಆಗ ನನಗ ಅಳು ಬಂತು.

ದಿನ ಕರ್ಮ ಎಲ್ಲಾ ಮುಗಿಸಿ ತಿರುಗಿ ಗಿರಣ್ಯಾಗ ಬಂದೆ. ಅತ್ತಿ ಈ ಸಲ ಬ್ಯಾಡ ಅನ್ಲಿಲ್ಲ. ಹಣಿ ಬೋಳು, ಕೈ ಬೋಳು. ನೀಲಿನ್ನ ಎತ್ಕೊಂಡು ಕೂಸಿನ ಖೋಲಿಗೆ ಹೋದ್ರ, ಹೆಂಗಸರು ಅತ್ರು, ನನ್ನ ಮೈ ಸವರಿದ್ರು, ಎಲ್ಲಾ ಮಾಡಿದ್ರು. ಮಾಡಿ ಮುಗಿಸಿದ ಮ್ಯಾಲ ನೋಡ್ತೀನಿ, ನೀಲಿ ಚೀಲ ಮೂಲ್ಯಾಗ ಇತ್ತು. ಅದರ ಮಗ್ಗಲಾ ಶಿವ್ಯಾನ ಚೀಲಾನೂ ತಿರುಗಿ ಮೂಲಿಗೆ ಹೋಗಿತ್ತು. ಈಗ ಅಪ್ಪನ್ನ ನುಂಗಿದವು ಎರಡಾಗಿದ್ವಲ್ಲ.

ನೀಲಿ ನನ್ನ ಬಗಲಿಂದ ಇಳದು ನೋಡಿದ್ಲು. ತನ್ನ ಚೀಲ, ಚಿವ್ವನ ಚೀಲ, ಒಂದಕ್ಕೊಂದು ಹತ್ತಿ. ಕಟ್ಟೂವ್ರಿಲ್ಲ, ಎತ್ಕೊಂಡು ಬರೂವ್ರಿಲ್ಲ. ಚಪ್ಪಾಳಿ ತಟ್ಟಿದ್ಲು! ಚಪ್ಪಾಳಿ ತಟ್ಟಿ, ಓಡಿ ಹೋಗಿ ಶಿವ್ಯಾನ್ನ ತಬ್ಬಿ, ಇಬ್ರೂ ಚೀಲದ ಮ್ಯಾಲ ಉರುಳಿದ್ವು. ಇಡೀ ಚಳಿಗಾಲ ಯಾವುದಕ್ಕ ಜಗಳಾಡಿದ್ಲೋ ಅದನ್ನ ಈ ಹೆಂಗಸರು ಪುಕ್ಕಟೆ ಕೊಟ್ಟಿದ್ರು.

ನನಗ ಅಳು ನಗಿ ಎರಡೂ ಕೂಡೇ ಬಂತು. ಅಪ್ಪ ಸತ್ತ ಮಗಳು ಚಪ್ಪಾಳಿ ತಟ್ಟತಾಳ, ಏನಂತೀರಿ ಇದಕ್ಕ! ಆಮ್ಯಾಲ ಬಾಗಿಲಕ್ಕ ಅಡ್ಡ ನಿಂತೆ.

"ಕಸ್ತೂರಕ್ಕ, ನನ್ನ ಗಂಡ ಹೋಗಿದ್ದು ದೀಪಾವಳಿ ಮುಂಚೆ. ಕರಿ ದಿನ ನಿನ್ನ ಮಲ್ಯಾನ ನೆತ್ತಿಗೆ ಮೊದಲ ಸೇರು ಸುರವಿದ ಕೈ ಯಾರದು? ನಂದು. ನೀನ ಕೊಟ್ಟಿ ಸೇರು, ಗಟ್ಟಿ ಕುಂಕುಮ ಅಂದಿ. ಅವತ್ತು ನಾ ಗಂಡ ಸತ್ತಾಕಿನ ಇದ್ದೆ. ಇಲ್ಲಿರೂ ಎಲ್ಲಾ ಕೂಸಿಗೂ ಗಂಡ ಸತ್ತಾಕಿನ ಕರಿ ಎರದಾಳ. ಏನಾಗೈತಿ ಹೇಳ್ರಿ? ಮಲ್ಯಾ, ಬಾರೋ ಇಲ್ಲಿ. ನೋಡ್ರಿ ಇವನ್ನ! ಮೊದಲಿಗಿಂತ ಒಂದು ಬೆರಳು ಮ್ಯಾಲ ಬೆಳದಾನ. ಸಂಕ್ರಾಂತಿಯಿಂದ ಈಚೆ ಒಂದು ಸೀನಾರ ಸೀನ್ಯಾನೇನು?"

ಕಸ್ತೂರೆವ್ವ ಮಲ್ಯಾನ ಗಲ್ಲ ಮುಟ್ಟಿ ನೋಡಿದ್ಲು. ಆಮ್ಯಾಲ ಮೂಲಿಗೆ ಹೋಗಿ, ಎರಡೂ ಕೂಸುಗಳನ್ನ ಚೀಲದ ಸಮೇತ ಜಗ್ಗಿ ನಡುವ ತಂದ್ಲು, ನೀಲಿ ಆವತ್ತು ಮಣಿ ಎಳದಂಗ, ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಕೋತ. ಮಲ್ಯಾನ ಚೀಲಾನೂ ಅವುಗಳ ಮಗ್ಗಲಾ ಎಳದ್ಲು. "ಭೋಂಗಾ ಆತು, ನಡೀರೆ" ಅಂದ್ಲು. ಅಷ್ಟ.

ಮಳಿ ಬಂತು, ಗಿರಣಿ ಮುಚ್ಚಿತು. ಚಂದ್ರವ್ವ ಬಬಲೇಶ್ವರಕ್ಕ ಹೊಂಟ್ಲು, ನಾ ಘೋಣಸಗಿಗೆ. ಎರಡು ಚಕ್ಕಡಿ ಎರಡು ದಾರಿ ಹಿಡದಾಗ ನೀಲಿ ಒದರಿದ್ದು ಟಿಕೋಟಾತನಕ ನಿಂದ್ರಲಿಲ್ಲ. ಶಿವ್ಯಾ ಹೋಗುವಾಗ ತನ್ನ ಸೀರಿ ತುಂಡು ಅಕಿ ಕೈಯಾಗ ಬಿಟ್ಟು ಹೋಗಿದ್ದ. ಮುಂದಿನ ವರ್ಷ ನಾವಿಬ್ರೂ ಮತ್ತ ಹೋದ್ವಿ, ಅದರ ಮುಂದಿನ ವರ್ಷಾನೂ. ಹುಡುಗೂರು ದೊಡ್ಡವಾದ್ವು, ಅವರವರ ದಾರಿ ಅವರವರಿಗೆ. ಈಗ ನೀಲವ್ವನ್ನ ಕೇಳಿದ್ರ ಅಕಿಗೆ ಒಂದೂ ನೆನಪಿಲ್ಲ. ಎರಡು ವರ್ಷದ ಕೂಸಿಗೆ ಏನು ನೆನಪಿರ್ತದ? ನಾ ನೂರು ಸಲ ಹೇಳೀನಿ, ನೂರು ಸಲಾನೂ "ಹೌದಾ ಯವ್ವಾ?" ಅಂದಾಳ.

ನಿನ್ನಿ ಹಿತ್ತಲದಾಗ ಹತ್ತಿಕಾಳಿನ ಮುಂದ ನಿಂತಾಗ ಇಷ್ಟೂ ತಲ್ಯಾಗ ತಿರುಗಿತು. ಮುಖಕ್ಕ ನೀರು ಬಡಕೊಂಡು ಪಡಸಾಲಿಗೆ ಬಂದೆ. ಕೂಸು ಮಣಿ ಮ್ಯಾಲ ಕುಂತಿತ್ತು, ಯಾರೂ ಸುರವಿರ್ಲಿಲ್ಲ. ನೀಲವ್ವ ತುಂಬಿದ ಸೇರು ಹಿಡಕೊಂಡು ನನ್ನ ದಾರಿ ಕಾಯಾಕತ್ತಿದ್ಲು.

"ಎಲ್ಲಿ ಹೋಗಿದ್ದಿ ಬೇ? ಮೊದಲ ಸೇರು ನಿಂದಲ್ಲೇನು?" ಅಂದ್ಲು.

ಎದುರು ಮನಿ ಸೊಸಿ ನನ್ನ ನೋಡಿದ್ಲು, ನಾ ಅಕಿನ್ನ ನೋಡಿದೆ. ಸುರವಿದೆ. ನಮ್ಮ ಮರಿಮಗ ತೊಡಿ ಮ್ಯಾಲ ಬಿದ್ದದ್ರಾಗ ಎಲ್ಲಾಕಿಂತ ದೊಡ್ಡ ಬಾರಿಹಣ್ಣು ಆರಿಸಿ, ತನ್ನ ಕರೀ ಅಂಗಿಗೆ ಒರಸಿ, ಎದ್ದು ಹೋಗಿ ಆ ಸೊಸಿ ಮಗಳ ಬಾಯಾಗ ತುರಕಿದ. ಸೊಸಿ ಕೈ ಮುಂದ ಬಂದು ನಡು ಗಾಳ್ಯಾಗ ನಿಂತಿತು.

"ಮಗಳ ಬಾಯಾಗಿಂದ ತಗಿ ನೋಡೂಣು" ಅಂತ ಸೊಸಿಗೆ ಅಂದೆ.

ಹುಡುಗಿ ಬೀಜ ಉಗುಳಿ, ಇನ್ನೊಂದಕ್ಕ ಬಾಯಿ ತಗದ್ಲು.